ಮುಕ್ಕಾಲು ಸೆಕೆಂಡಿನ ಲೆಕ್ಕ

ನಾನು ಪಿಎಚ್.ಡಿ. ಮಾಡುತ್ತಿರುವುದು ಕನ್ನಡದ ಉಪಭಾಷೆಗಳ ಮೇಲೆ. ಇನ್ನೂ ಬಿಡಿಸಿ ಹೇಳುವುದಾದರೆ, ಹಳೇ ಮೈಸೂರು ಸೀಮೆಯ ಹಳ್ಳಿಗಳ ಮಾತಿನಲ್ಲಿ ಪದದ ಮೊದಲಿಗೆ ಬರುವ ಹಕಾರ ಯಾವಾಗ ಉಳಿಯುತ್ತದೆ, ಯಾವಾಗ ಬಿದ್ದುಹೋಗುತ್ತದೆ ಎಂಬುದರ ಮೇಲೆ. ‘ಹಳ್ಳಿ’ ಯಾರ ಬಾಯಲ್ಲಿ ‘ಅಳ್ಳಿ’ಯಾಗುತ್ತದೆ, ಒಬ್ಬರೇ ಒಂದೇ ಉಸಿರಿನಲ್ಲಿ ಒಮ್ಮೆ ‘ಹಾಲು’ ಇನ್ನೊಮ್ಮೆ ‘ಆಲು’ ಎನ್ನುವುದು ಯಾಕೆ, ಇಂಥವು. ಊರಿಗೆ ಹೋದಾಗ ಯಾರಾದರೂ ‘ಏನಮ್ಮಾ ಓದ್ತಿರೋದು?’ ಎಂದು ಕೇಳಿದರೆ ಇದನ್ನು ವಿವರಿಸುವುದು ಕಷ್ಟ. ಅದಕ್ಕಿಂತ ಕಷ್ಟ, ಕಳೆದ ಮೂರು ವರ್ಷಗಳಲ್ಲಿ ಹಕಾರದ ಜೊತೆ ಕಳೆದಷ್ಟೇ ಹೊತ್ತನ್ನು ಒಂದು ಸರ್ವರಿನ ಆರು ಹಾರ್ಡ್ ಡಿಸ್ಕುಗಳ ಜೊತೆಗೂ ಕಳೆದಿದ್ದೇನೆ ಎಂಬುದನ್ನು ವಿವರಿಸುವುದು.

ಬಿಸಿಎ ಓದಿ ಎಂ.ಎ. ಕನ್ನಡಕ್ಕೆ ಬಂದವಳು ನಾನು. ವಿಭಾಗದ ಸರ್ವರ್ ನೋಡಿಕೊಳ್ಳುತ್ತಿದ್ದವರು ನಿವೃತ್ತರಾದಾಗ ಗೈಡ್ ಮೇಡಂ, “ನಿಂಗೆ ಗೊತ್ತಲ್ಲ, ನೋಡ್ಕೋ” ಎಂದು ಪಾಸ್‌ವರ್ಡ್ ಬರೆದ ಚೀಟಿಯೊಂದನ್ನು ಕೈಗಿಟ್ಟರು. ಅದರೊಳಗೆ ಇದ್ದದ್ದು ಇಪ್ಪತ್ತು ವರ್ಷಗಳ ಕ್ಷೇತ್ರಕಾರ್ಯ. ಹಳ್ಳಿ ಹಳ್ಳಿ ತಿರುಗಿ ಮಾಡಿಕೊಂಡ ಧ್ವನಿಮುದ್ರಣಗಳು, ವಿಡಿಯೋಗಳು, ಮನೆಗಳಲ್ಲೂ ಮಠಗಳಲ್ಲೂ ಇರುವ ತಾಳೆಗರಿಗಳ ಚಿತ್ರಗಳು. ನಾಲ್ಕು ಟಿಬಿಯ ಆರು ಡಿಸ್ಕುಗಳು, ಬೀರುವಿನ ಪಕ್ಕದಲ್ಲಿ ಸದಾ ಗುಂಯ್ ಎನ್ನುವ ಒಂದು ಪೆಟ್ಟಿಗೆ.

ಆ ಪೆಟ್ಟಿಗೆಯ ಫೈಲ್ ಸಿಸ್ಟಮ್ಮಿನ ಹೆಸರು ಝಡ್‌ಎಫ್‌ಎಸ್. ಫೈಲ್ ಸಿಸ್ಟಮ್ ಎಂದರೆ ಡಿಸ್ಕಿನ ಮೇಲಿನ ಸೊನ್ನೆ ಒಂದುಗಳಲ್ಲಿ ಯಾವುದು ಯಾರದು, ಎಲ್ಲಿಂದ ಎಲ್ಲಿಯವರೆಗೆ ಎಂದು ಲೆಕ್ಕ ಬರೆದಿಡುವ ಶಾನುಭೋಗ ಅಂದುಕೊಳ್ಳಿ. 2001ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೆಫ್ ಬಾನ್‌ವಿಕ್, ಮ್ಯಾಟ್ ಆರೆನ್ಸ್ ಮತ್ತು ಸಂಗಡಿಗರು ಇದರ ಕೆಲಸ ಶುರುಮಾಡಿದರು. 2005ರಲ್ಲಿ ಇದರ ಸೋರ್ಸ್ ಕೋಡ್ ಎಲ್ಲರಿಗೂ ಸಿಗುವಂತಾಯಿತು. 2010ರಲ್ಲಿ ಒರಾಕಲ್ ಸನ್ ಕಂಪನಿಯನ್ನು ಕೊಂಡಿತು. ಅಲ್ಲಿಂದ ಮುಂದೆ ಒಂದು ಪ್ರತಿ ಕಂಪನಿಯೊಳಗೆ, ಇನ್ನೊಂದು ಹೊರಗಿನ ಸಮುದಾಯದ ಕೈಯಲ್ಲಿ ಬೆಳೆಯಿತು. ಹೊರಗಿನದು 2013ರಿಂದ ಓಪನ್‌ಝಡ್‌ಎಫ್‌ಎಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಹಸ್ತಪ್ರತಿ ಶಾಸ್ತ್ರ ಓದಿದವರಿಗೆ ಇದು ಹೊಸದಲ್ಲ: ಮೂಲ ಒಂದು, ಪ್ರತಿ ಪರಂಪರೆ ಎರಡು.

ಇದಕ್ಕೆ ಮೊದಲು ಒಂದೊಂದು ಡಿಸ್ಕನ್ನೂ ಭಾಗ ಮಾಡಿ, ಇದು ಧ್ವನಿಗೆ, ಇದು ಚಿತ್ರಕ್ಕೆ ಎಂದು ಬದು ಹಾಕಬೇಕಿತ್ತು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಜಮೀನಿನಂತೆ. ಒಬ್ಬನಿಗೆ ಜಾಗ ಸಾಲದೆ ಒದ್ದಾಡುತ್ತಿದ್ದರೂ ಪಕ್ಕದವನ ಬೀಳುಭೂಮಿ ಅವನಿಗೆ ದಕ್ಕುವುದಿಲ್ಲ. ಝಡ್‌ಎಫ್‌ಎಸ್ ಡಿಸ್ಕುಗಳನ್ನೆಲ್ಲ ಸೇರಿಸಿ ಒಂದು ಪೂಲ್ ಮಾಡುತ್ತದೆ. ಯಾರಿಗೆ ಎಷ್ಟು ಬೇಕೋ ಅಷ್ಟನ್ನು ಅದರಿಂದಲೇ ಎತ್ತಿಕೊಡುತ್ತದೆ, ಬಿಟ್ಟದ್ದನ್ನು ಅದಕ್ಕೇ ವಾಪಸ್ ಹಾಕಿಕೊಳ್ಳುತ್ತದೆ. ಕೂಡು ಕುಟುಂಬದ ಕಣಜ. ಕೂಡು ಕುಟುಂಬದ ತೊಂದರೆಗಳೂ ಇದ್ದೇ ಇವೆ.

ಅವುಗಳಲ್ಲಿ ನನಗೆ ಮೊದಲು ಎದುರಾದದ್ದು ಜಾಗದ ಜಗಳ. ಪೂಲ್ ಶೇಕಡಾ 90 ತುಂಬಿ, ಫೈಲ್ ತೆರೆಯುವುದೇ ನಿಧಾನವಾಗಿತ್ತು. ಝಡ್‌ಎಫ್‌ಎಸ್ ಇದ್ದದ್ದರ ಮೇಲೆ ತಿದ್ದಿ ಬರೆಯುವುದಿಲ್ಲ. ಹೊಸದನ್ನು ಖಾಲಿ ಜಾಗದಲ್ಲಿ ಬರೆದು, ಆಮೇಲೆ ಲೆಕ್ಕದ ಪುಸ್ತಕವನ್ನು ಆ ಕಡೆಗೆ ತಿರುಗಿಸುತ್ತದೆ. ಬರೆಯುವ ನಡುವೆ ಕರೆಂಟು ಹೋದರೂ ಹಳೆಯದು ಹಾಗೇ ಇರುತ್ತದೆ ಎಂಬುದು ಇದರ ಲಾಭ. ಖಾಲಿ ಜಾಗ ಕಡಿಮೆಯಾದಂತೆ ಹುಡುಕಾಟ ಹೆಚ್ಚುತ್ತದೆ ಎಂಬುದು ಬೆಲೆ. ಐದಾರು ಜನ ಕೂತು ಬೇಡದ ಫೈಲುಗಳನ್ನು ಅಳಿಸಿದೆವು. ಯಾರೋ ಪುಣ್ಯಾತ್ಮರು ಇಳಿಸಿಟ್ಟಿದ್ದ ಸಿನಿಮಾಗಳೂ ಹೋದವು. ಜಾಗ ಮಾತ್ರ ಒಂದು ಜಿಬಿಯೂ ವಾಪಸ್ ಬರಲಿಲ್ಲ. ಕಾರಣ ಸ್ನ್ಯಾಪ್‌ಶಾಟ್‌ಗಳು. ಇಂಥ ದಿನ ಪೂಲ್ ಹೇಗಿತ್ತೋ ಹಾಗೆ ಹಿಡಿದಿಟ್ಟ ನೋಟಗಳು ಅವು. ಒಂದು ಫೈಲನ್ನು ಯಾವುದಾದರೂ ಒಂದು ಸ್ನ್ಯಾಪ್‌ಶಾಟ್ ನೆನಪಿಟ್ಟುಕೊಂಡಿದ್ದರೂ ಸಾಕು, ನೀವು ಅಳಿಸಿದ್ದು ಹೆಸರನ್ನಷ್ಟೇ. ಎರಡು ವರ್ಷ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ಒಂದೊಂದಾಗಿ ತೆಗೆದ ಮೇಲೆ ಪೂಲ್ ಉಸಿರಾಡಿತು.

ಇಷ್ಟೇ ಆಗಿದ್ದರೆ ಝಡ್‌ಎಫ್‌ಎಸ್ ನನಗೆ ಒಂದು ಸಲಕರಣೆಯಾಗಿ ಉಳಿಯುತ್ತಿತ್ತು. ನನ್ನನ್ನು ಹಿಡಿದು ಕೂರಿಸಿದ್ದು ಅದರ ಚೆಕ್‌ಸಮ್.

ಡಿಸ್ಕಿನ ಮೇಲಿನ ಅಕ್ಷರಗಳು ಸದ್ದಿಲ್ಲದೆ ಕೆಡುತ್ತವೆ. ಎಲ್ಲೋ ಒಂದು ಸೊನ್ನೆ ಒಂದಾಗುತ್ತದೆ. ಸಾಮಾನ್ಯ ಫೈಲ್ ಸಿಸ್ಟಮ್ಮುಗಳು ಕೆಟ್ಟದ್ದನ್ನೇ ಸರಿಯೆಂದು ಎತ್ತಿಕೊಡುತ್ತವೆ, ಏಕೆಂದರೆ ಮೊದಲು ಏನಿತ್ತು ಎಂಬುದು ಅವಕ್ಕೆ ಗೊತ್ತಿಲ್ಲ. ಝಡ್‌ಎಫ್‌ಎಸ್ ಪ್ರತಿಯೊಂದು ತುಂಡನ್ನು ಬರೆಯುವಾಗಲೂ ಅದರ ಅಂಕಿಗಳನ್ನೆಲ್ಲ ಕೂಡಿ ಗುಣಿಸಿ ಒಂದು ಗುರುತಿನ ಸಂಖ್ಯೆ ಮಾಡಿಕೊಳ್ಳುತ್ತದೆ. ಅದನ್ನು ಆ ತುಂಡಿನ ಜೊತೆಗೇ ಇಡುವುದಿಲ್ಲ; ಆ ತುಂಡನ್ನು ತೋರಿಸುವ ಮೇಲಿನ ತುಂಡಿನಲ್ಲಿ ಇಡುತ್ತದೆ. ಅದರ ಗುರುತು ಅದಕ್ಕೂ ಮೇಲಿನದರಲ್ಲಿ. ಹೀಗೆ ಬುಡದವರೆಗೂ. ಆರೋಪಿಯ ಮನೆಯಲ್ಲಿ ಸಾಕ್ಷಿಯನ್ನು ಇಡಬಾರದು ಎಂಬ ಸಾಮಾನ್ಯ ವಿವೇಕ. ಓದುವಾಗ ಲೆಕ್ಕ ತಾಳೆಯಾಗದಿದ್ದರೆ ಆ ತುಂಡನ್ನು ಅದು ನಂಬುವುದಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ಎಂ.ಎ.ಯ ಛಂದಸ್ಸಿನ ತರಗತಿ. ಕಂದ ಪದ್ಯದಲ್ಲಿ ಒಂದು ಮತ್ತು ಮೂರನೆಯ ಸಾಲಿಗೆ 12 ಮಾತ್ರೆ, ಎರಡು ಮತ್ತು ನಾಲ್ಕನೆಯ ಸಾಲಿಗೆ 20. ಒಟ್ಟು 64. ಸಾಲದ್ದಕ್ಕೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ. ಲಿಪಿಕಾರ ನಿದ್ದೆಗಣ್ಣಿನಲ್ಲಿ ಒಂದಕ್ಷರ ಬಿಟ್ಟರೆ ಮಾತ್ರೆ ಕಡಿಮೆಯಾಗುತ್ತದೆ. ಬೇರೆ ಅಕ್ಷರ ಬರೆದರೆ ಎಷ್ಟೋ ಸಲ ಪ್ರಾಸ ಕೆಡುತ್ತದೆ. ಅಂದರೆ ಪದ್ಯ ತನ್ನ ಚೆಕ್‌ಸಮ್ಮನ್ನು ತಾನೇ ಹೊತ್ತು ನಡೆಯುತ್ತದೆ. ಆದರೆ ಛಂದಸ್ಸು ‘ಇಲ್ಲಿ ತಪ್ಪಿದೆ’ ಎನ್ನುತ್ತದೆಯೇ ಹೊರತು ಸರಿಯಾದದ್ದು ಯಾವುದು ಎನ್ನುವುದಿಲ್ಲ. ಅದಕ್ಕೆ ಗ್ರಂಥಸಂಪಾದಕರು ಬೇರೆ ಪ್ರತಿಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಝಡ್‌ಎಫ್‌ಎಸ್ ಮಾಡುವುದೂ ಅದನ್ನೇ. ನಮ್ಮ ಪೂಲ್ ಇದ್ದದ್ದು ರೇಡ್-ಝಡ್ ಒಂದನೆಯ ಮಟ್ಟದಲ್ಲಿ. ಐದು ಸಂಖ್ಯೆಗಳನ್ನೂ ಅವುಗಳ ಮೊತ್ತವನ್ನೂ ಆರು ಕಡೆ ಬರೆದಿಟ್ಟರೆ, ಯಾವ ಒಂದು ಕಳೆದರೂ ಉಳಿದದ್ದರಿಂದ ಅದನ್ನು ಲೆಕ್ಕ ಹಾಕಬಹುದಲ್ಲ, ಹಾಗೆ. ತುಂಡೊಂದು ಕೆಟ್ಟಿದೆ ಎಂದು ಗೊತ್ತಾದರೆ ಉಳಿದ ಡಿಸ್ಕುಗಳಿಂದ ಅದನ್ನು ಮತ್ತೆ ಕಟ್ಟಿ, ಕೆಟ್ಟ ಜಾಗವನ್ನೂ ಸರಿಪಡಿಸುತ್ತದೆ. ಎರಡು ಕಡೆ ಒಟ್ಟಿಗೆ ಕಳೆದರೆ ಮಾತ್ರ ಉಪಾಯವಿಲ್ಲ.

ಈ ವ್ಯವಸ್ಥೆಗೆ ಒಂದು ಷರತ್ತಿದೆ: ಓದಿದರೆ ಮಾತ್ರ ಕೆಟ್ಟದ್ದು ಗೊತ್ತಾಗುತ್ತದೆ. ಹತ್ತು ವರ್ಷ ಯಾರೂ ತೆರೆಯದ ಧ್ವನಿಮುದ್ರಣ ಒಳಗೊಳಗೇ ಹಾಳಾದರೆ ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಸ್ಕ್ರಬ್ ಎಂಬ ಕೆಲಸ. ತಿಂಗಳಿಗೊಮ್ಮೆ ಪೂಲಿನಲ್ಲಿರುವ ಪ್ರತಿಯೊಂದು ತುಂಡನ್ನೂ ಓದಿ ಲೆಕ್ಕ ತಾಳೆ ನೋಡುವುದು. ನಮ್ಮಲ್ಲಿ ಅದಕ್ಕೆ 14 ಗಂಟೆ ಬೇಕಿತ್ತು. ಹೊಸ ಅರ್ಥ ಹುಡುಕುವುದಕ್ಕಲ್ಲ, ಇದ್ದದ್ದು ಇದ್ದ ಹಾಗೇ ಇದೆಯೇ ಎಂದು ನೋಡುವುದಕ್ಕಾಗಿ ಮಾತ್ರ ಓದುವುದು.

ಮೊದಲ ಸಲ ಪೂಲಿಗೆ ಹುಷಾರು ತಪ್ಪಿದ್ದು ಬೇಸಗೆಯಲ್ಲಿ. ‘ಝಡ್‌ಪೂಲ್ ಸ್ಟೇಟಸ್’ ಎಂದು ಕೇಳಿದರೆ ಪೂಲ್ ತನ್ನ ಸಮಾಚಾರ ಹೇಳುತ್ತದೆ. ಎಲ್ಲ ಸರಿಯಿದ್ದರೆ ‘ಆನ್‌ಲೈನ್’, ಒಂದು ಕೈ ಮುರಿದಿದ್ದರೆ ‘ಡಿಗ್ರೇಡೆಡ್’. ಪ್ರತಿ ಡಿಸ್ಕಿನ ಮುಂದೆ ಮೂರು ಕಾಲಂ: ಓದುವಾಗಿನ ದೋಷ, ಬರೆಯುವಾಗಿನ ದೋಷ, ಚೆಕ್‌ಸಮ್ ದೋಷ. ಮೂರನೆಯ ಡಿಸ್ಕಿನ ಮುಂದೆ ಚೆಕ್‌ಸಮ್ ದೋಷಗಳು ಏರುತ್ತಿದ್ದವು. ಎಲ್ಲ ಡಿಸ್ಕುಗಳ ಮುಂದೆಯೂ ದೋಷ ಕಂಡರೆ ಸಂಶಯ ಪಡಬೇಕಾದದ್ದು ಡಿಸ್ಕನ್ನಲ್ಲ. ಎಲ್ಲಕ್ಕೂ ಸಮಾನವಾದ ಮೆಮೊರಿಯನ್ನೋ ಕಂಟ್ರೋಲರನ್ನೋ. ಒಂದರ ಮುಂದೆ ಮಾತ್ರ ಕಂಡರೆ ಮೊದಲು ಕೇಬಲ್ಲು. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದುಕೊಳ್ಳುವ ಸ್ಮಾರ್ಟ್ ಎಂಬ ದಾಖಲೆ ತೆಗೆದು ನೋಡಿದೆ. ಕೆಟ್ಟ ಸೆಕ್ಟರ್ ಒಂದೂ ಇಲ್ಲ, ದಾರಿಯಲ್ಲಿ ಮಾತು ಕೆಟ್ಟ ಲೆಕ್ಕ ಮಾತ್ರ ನೂರಾರು. ಕೇಬಲ್ ಬದಲಿಸಿ, ದೋಷಗಳ ಲೆಕ್ಕ ಅಳಿಸಿ, ಒಂದು ಸ್ಕ್ರಬ್ ಓಡಿಸಿದೆ. ಮೂರೂ ಕಾಲಂ ಸೊನ್ನೆ. ಇನ್ನೂರು ರೂಪಾಯಿಯೊಳಗೆ ಮುಗಿಯಿತು.

ಎರಡನೆಯ ಸಲ ಅಷ್ಟು ಸುಲಭವಾಗಿರಲಿಲ್ಲ. ಐದನೆಯ ಡಿಸ್ಕು ಒಂದು ಬೆಳಿಗ್ಗೆ ಓದುವುದನ್ನೂ ಬರೆಯುವುದನ್ನೂ ಬಿಟ್ಟಿತು. ಕೇಬಲ್ ಬದಲಿಸಿದರೂ ‘ಫಾಲ್ಟೆಡ್’. ಹೊಸ ಡಿಸ್ಕು ಬೇಕು. ಅದಕ್ಕೆ ಇಂಡೆಂಟ್, ಮೂರು ಕೊಟೇಶನ್, ತುಲನಾತ್ಮಕ ಪಟ್ಟಿ, ಮಂಜೂರಾತಿ. ಖರೀದಿ ವಿಭಾಗಕ್ಕೆ ಹೋಗಿ ತುರ್ತಾಗಿದೆ ಎಂದರೆ ಅಲ್ಲಿದ್ದ ಹಿರಿಯರು ಕನ್ನಡಕದ ಮೇಲಿಂದ ನೋಡಿ, “ಅರ್ಜೆಂಟ್ ಅಂತ ಬರೆದ್ರೆ ಅರ್ಜೆಂಟ್ ಆಗಲ್ಲಮ್ಮ, ಅದಕ್ಕೂ ಒಂದು ನೋಟ್ ಹಾಕ್ಬೇಕು” ಎಂದರು. ದಿನಾ ‘ನಾಳೆ’ ಎನ್ನುತ್ತ 23 ದಿನ ಕಳೆದವು. ನನ್ನ ಫೆಲೋಶಿಪ್ ನಾಲ್ಕು ತಿಂಗಳಿಂದ ಬಂದಿರಲಿಲ್ಲ, ಕೈಯಿಂದ ಹಾಕುವಂತಿರಲಿಲ್ಲ.

ಆ 23 ದಿನ ಪೂಲಿಗೆ ಬೇರೆ ಆಸರೆ ಇರಲಿಲ್ಲ. ಉಳಿದ ಐದು ಡಿಸ್ಕುಗಳೂ ಒಂದೇ ದಿನ ಕೊಂಡವು, ಒಂದೇ ವಯಸ್ಸಿನವು. ಇನ್ನೊಂದು ಹೋದರೆ ಎಲ್ಲವೂ ಹೋದಂತೆ. ನನ್ನ ಬಳಿ 500 ಜಿಬಿಯ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಇತ್ತು. ಧ್ವನಿಮುದ್ರಣಗಳೇ ಅದರ ಮೂರು ಪಟ್ಟಿಗಿಂತ ಹೆಚ್ಚಿದ್ದವು. ಯಾವುದನ್ನು ಮೊದಲು ಎತ್ತಿಡುವುದು? ಮೇಡಂ ಮತ್ತು ನಾನು ಒಂದು ಮಧ್ಯಾಹ್ನ ಕೂತು ನಿಯಮ ಮಾಡಿಕೊಂಡೆವು. ತಾಳೆಗರಿಯ ಚಿತ್ರ ಕೊನೆಗೆ, ಏಕೆಂದರೆ ತಾಳೆಗರಿ ಇನ್ನೂ ಇದೆ, ಮತ್ತೆ ಚಿತ್ರ ತೆಗೆಯಬಹುದು. ಮಾತಾಡಿದವರು ಬದುಕಿದ್ದರೆ ಅವರ ಧ್ವನಿಯೂ ಆಮೇಲೆ. ತೀರಿಕೊಂಡವರದು ಮೊದಲು. ಅದರಲ್ಲೂ ಯಾರೂ ಕೇಳಿ ಬರೆದುಕೊಂಡಿಲ್ಲದ್ದು ಎಲ್ಲಕ್ಕಿಂತ ಮೊದಲು.

ನಿಯಮವೇನೋ ಸರಿ, ಯಾರಿದ್ದಾರೆ ಯಾರಿಲ್ಲ ಎಂದು ತಿಳಿಯುವುದು ಹೇಗೆ? ಹಳೆಯ ಡೈರಿಗಳಲ್ಲಿದ್ದ ನಂಬರುಗಳಿಗೆ ಫೋನ್ ಮಾಡುತ್ತ ಹೋದೆ. “ಅಜ್ಜಿ ಚೆನ್ನಾಗಿದಾರಾ?” ಎಂದು ಕೇಳುವುದು, ಅತ್ತಲಿಂದ ಬಂದ ಉತ್ತರವನ್ನು ಪಟ್ಟಿಯಲ್ಲಿ ಗುರುತು ಮಾಡಿಕೊಳ್ಳುವುದು. ಕೆಲವರು ಫೋನನ್ನು ಅಜ್ಜಿಯ ಕೈಗೇ ಕೊಟ್ಟರು. ಹಾಗೆ ಕೊಟ್ಟಾಗಲೆಲ್ಲ ಅವರ ಫೈಲು ಪಟ್ಟಿಯಲ್ಲಿ ಕೆಳಗೆ ಇಳಿಯಿತು. ಕೆಲವು ಕಡೆ, “ಅವ್ವ ಓಗಿ ಆರ್ ವರ್ಸ ಆಯ್ತು ಕಣಮ್ಮ, ಅವ್ರ ದನಿ ಐತಾ ನಿಮ್ತಾವ?” ಎಂದು ಕೇಳಿದರು. ಇದೆ ಎಂದೆ. ಇರುತ್ತದೆಯೇ ಎಂಬುದು ಅವತ್ತು ನನಗೂ ಗೊತ್ತಿರಲಿಲ್ಲ.

ಹೊಸ ಡಿಸ್ಕು ಬಂದ ದಿನ ಲ್ಯಾಬಿನ ಅಟೆಂಡರ್ ಅಣ್ಣ ಟಾರ್ಚ್ ಹಿಡಿದು ಡಿಸ್ಕುಗಳ ಸೀರಿಯಲ್ ನಂಬರ್ ಓದಿದರು, ನಾನು ಸ್ಕ್ರೀನಿನಲ್ಲಿದ್ದ ನಂಬರಿನ ಜೊತೆ ಒಂದೊಂದೇ ಅಂಕಿ ತಾಳೆ ನೋಡಿದೆ. ಸತ್ತ ಡಿಸ್ಕಿನ ಬದಲು ಬದುಕಿರುವುದನ್ನು ಎಳೆದರೆ ಕಥೆ ಮುಗಿಯಿತು. ಹೊಸದನ್ನು ಕೂರಿಸಿ ‘ರಿಪ್ಲೇಸ್’ ಕೊಟ್ಟ ಮೇಲೆ ಶುರುವಾಗುವುದಕ್ಕೆ ರೀಸಿಲ್ವರ್ ಎಂದು ಹೆಸರು. ಹಳೆಯ ಕನ್ನಡಿಯ ಹಿಂದಿನ ಬೆಳ್ಳಿ ಉದುರಿದಾಗ ಮತ್ತೆ ಬಳಿಯುವುದಕ್ಕೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರೆ. ನಮ್ಮ ಬೀದಿಗೆ ಕಲಾಯಿಯವರು ಬರುತ್ತಿದ್ದದ್ದನ್ನು ನೋಡಿದವಳಾದ್ದರಿಂದ ನಾನು ಅದನ್ನು ಕಲಾಯಿ ಎಂದೇ ಕರೆಯುತ್ತೇನೆ. ಉಳಿದ ಐದನ್ನೂ ಓದಿ, ಲೆಕ್ಕ ಹಾಕಿ, ಆರನೆಯದನ್ನು ತುಂಬುವುದು. 19 ಗಂಟೆ.

ಹನ್ನೊಂದನೆಯ ಗಂಟೆಯ ಹೊತ್ತಿಗೆ ಎರಡನೆಯ ಡಿಸ್ಕು ಒಂದು ಜಾಗದಲ್ಲಿ ಓದಲಾರೆ ಎಂದಿತು. ಒಂದೇ ಒಂದು ಜಾಗ. ಆದರೆ ಅದಕ್ಕೆ ಜೋಡಿಯಾದ ತುಂಡು ಇದ್ದದ್ದು ಸತ್ತ ಡಿಸ್ಕಿನಲ್ಲಿ. ಪೂಲ್ ಮುಗ್ಗರಿಸಲಿಲ್ಲ, ಮುಂದೆ ಹೋಯಿತು. ಝಡ್‌ಎಫ್‌ಎಸ್ ತನ್ನ ಲೆಕ್ಕದ ಪುಸ್ತಕಗಳಿಗೆ ಮಾತ್ರ ಒಂದೆರಡು ಹೆಚ್ಚುವರಿ ಪ್ರತಿ ಇಟ್ಟುಕೊಂಡಿರುವುದರಿಂದ ಮನೆ ಕುಸಿಯುವುದಿಲ್ಲ. ಬೆಳಿಗ್ಗೆ ಸ್ಟೇಟಸ್ ಕೇಳಿದಾಗ ಕೊನೆಯಲ್ಲಿ ಒಂದು ವಾಕ್ಯ ಇತ್ತು: ಈ ಕೆಳಗಿನ ಫೈಲುಗಳಲ್ಲಿ ಶಾಶ್ವತ ದೋಷಗಳಿವೆ. ಕೆಳಗೆ ಒಂದೇ ಹೆಸರು.

ಅದು ಸುಮಾರು ಹದಿನೈದು ವರ್ಷದ ಹಿಂದೆ ಮೇಡಂ ಮಾಡಿಕೊಂಡಿದ್ದ ಧ್ವನಿಮುದ್ರಣ. ಅಜ್ಜಿಯೊಬ್ಬರು ಹಗೇವಿನ ಬಗ್ಗೆ ಹೇಳುತ್ತಾರೆ. ನೆಲದೊಳಗೆ ಗುಂಡಿ ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಬಳಿಯುವುದು. ತೆಗೆಯುವಾಗ ಮೊದಲು ದೀಪ ಇಳಿಬಿಟ್ಟು ಆರುತ್ತದೋ ನೋಡಿ ಆಮೇಲೆ ಇಳಿಯುವುದು. ಅಜ್ಜಿ ಈಗಿಲ್ಲ. ಆದರೆ ಆ ಮುದ್ರಣವನ್ನು ಯಾರೋ ಆಗಲೇ ಪೂರ್ತಿ ಬರೆದುಕೊಂಡಿದ್ದರಿಂದ ನಮ್ಮ ನಿಯಮದ ಪ್ರಕಾರ ಅದು ಹಿಂದಿನ ಸಾಲಿನಲ್ಲಿತ್ತು. ಡಿವಿಡಿಯಲ್ಲಿ ಒಂದು ಪ್ರತಿ ಇತ್ತು. ಬೂಷ್ಟು ಹಿಡಿದು ಓದುತ್ತಿರಲಿಲ್ಲ.

ಕಳೆದದ್ದು ಎಷ್ಟು? ಝಡ್‌ಎಫ್‌ಎಸ್ ಸಾಮಾನ್ಯವಾಗಿ ದೊಡ್ಡ ಫೈಲನ್ನು 128 ಕೆಬಿಯ ತುಂಡುಗಳಾಗಿ ಇಡುತ್ತದೆ. ಅಂಥದ್ದು ಒಂದು. ಈ ಮುದ್ರಣದಲ್ಲಿ ಒಂದು ಸೆಕೆಂಡಿಗೆ 1,76,400 ಬೈಟು. ಭಾಗಿಸಿದರೆ ಮುಕ್ಕಾಲು ಸೆಕೆಂಡಿಗೂ ಕೂದಲೆಳೆ ಕಡಿಮೆ. ಓದಲಾಗದ ತುಂಡಿನ ಜಾಗಕ್ಕೆ ಸೊನ್ನೆ ತುಂಬಿ ಉಳಿದದ್ದನ್ನು ನಕಲು ಮಾಡಿಕೊಂಡು ಕೇಳಿದೆ. ಅಜ್ಜಿ “ಸುತ್ತಾ” ಎನ್ನುತ್ತಾರೆ. ಆಮೇಲೆ ಸದ್ದಿಲ್ಲ. ಆಮೇಲೆ “ಆಸಿ, ಮ್ಯಾಲೆ ರಾಗಿ ಸುರೀತೀವಿ”. ಹಿನ್ನೆಲೆಯಲ್ಲಿ ಕೂಗುತ್ತಿದ್ದ ಕೋಳಿಯೂ ಆ ಮುಕ್ಕಾಲು ಸೆಕೆಂಡಿನಲ್ಲಿ ಇಲ್ಲ.

ಬರೆದಿಟ್ಟ ಪಠ್ಯ ತೆಗೆದು ನೋಡಿದೆ. “ಸುತ್ತ ಹುಲ್ಲು ಹಾಸಿ, ಮೇಲೆ ರಾಗಿ ಸುರಿಯುತ್ತೀವಿ.” ಪದ ಸಿಕ್ಕಿತು ಎಂದು ಒಂದು ಕ್ಷಣ ಅನಿಸಿತು. ಆಮೇಲೆ ಪಕ್ಕದ ಪದ ಕಣ್ಣಿಗೆ ಬಿತ್ತು. ಅಜ್ಜಿ ಹೇಳಿದ್ದು ‘ಆಸಿ’, ಪಠ್ಯದಲ್ಲಿರುವುದು ‘ಹಾಸಿ’. ಅಜ್ಜಿಯದು ‘ಮ್ಯಾಲೆ’, ಪಠ್ಯದ್ದು ‘ಮೇಲೆ’. ಪೂರ್ತಿ ಕೇಳುತ್ತ ಹೋದೆ. ಅಜ್ಜಿ ಒಮ್ಮೆಯೂ ‘ಹಗೇವು’ ಎಂದಿಲ್ಲ, ‘ಅಗೇವು’ ಎಂದೇ ಹೇಳುತ್ತಾರೆ. ಪಠ್ಯದಲ್ಲಿ ಒಮ್ಮೆಯೂ ‘ಅಗೇವು’ ಇಲ್ಲ. ಬರೆದುಕೊಂಡವರು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಅವರಿಗೆ ಬೇಕಿದ್ದದ್ದು ವಿಷಯ, ಆಡುಮಾತನ್ನು ತಿದ್ದಿ ಬರೆಯುವುದು ಅವರಿಗೆ ಶಿಸ್ತು. ಆದರೆ ಎಲ್ಲೂ ಒಂದು ಗುರುತಿಲ್ಲ. ತಿದ್ದಿದ್ದು ಯಾವುದು, ಕೇಳಿದ್ದು ಯಾವುದು ಎಂದು ಆ ಹಾಳೆಯನ್ನು ನೋಡಿ ಯಾರೂ ಹೇಳಲಾರರು. ಆ ಮುಕ್ಕಾಲು ಸೆಕೆಂಡಿನಲ್ಲಿ ಅಜ್ಜಿ ‘ಉಲ್ಲು’ ಎಂದರೋ, ಮೈಕು ಹಿಡಿದ ಪಟ್ಟಣದವರಿಗೆ ಅರ್ಥವಾಗಲೆಂದು ಬಿಡಿಸಿ ‘ಹುಲ್ಲು’ ಎಂದರೋ, ‘ಬತ್ತದುಲ್ಲು’ ಎಂದದ್ದನ್ನು ಇವರು ಚಿಕ್ಕದು ಮಾಡಿದರೋ? ನನ್ನ ಪ್ರಬಂಧಕ್ಕೆ ಬೇಕಾದ ಪ್ರಶ್ನೆ ಅದೊಂದೇ, ಆ ಪಠ್ಯದಲ್ಲಿ ಇಲ್ಲದ ಉತ್ತರವೂ ಅದೊಂದೇ.

ಎರಡು ನಷ್ಟಗಳು ನನ್ನ ಮುಂದೆ ಅಕ್ಕಪಕ್ಕದಲ್ಲಿದ್ದವು. ಯಂತ್ರ ಮುಕ್ಕಾಲು ಸೆಕೆಂಡು ಕಳೆದುಕೊಂಡು, ಯಾವ ಫೈಲು ಎಂದು ಹೆಸರು ಹಿಡಿದು ಹೇಳಿತು. ಅಂದಾಜಿನಿಂದ ಏನನ್ನೋ ತುಂಬಿ ಕೊಡಲಿಲ್ಲ. ಆ ಜಾಗ ಕೇಳಿದರೆ ಇಲ್ಲ ಎಂದಿತು. ಕಾಗದ ಐವತ್ತು ನಿಮಿಷದ ಮಾತಿನಲ್ಲಿ ನೂರಾರು ಹಕಾರ ಸೇರಿಸಿ, ಏನೂ ಆಗಿಲ್ಲವೆಂಬಂತೆ ಬೀರುವಿನಲ್ಲಿ ಕೂತಿತ್ತು. ನಾವು ಹೆದರಿದ್ದು ಮೊದಲನೆಯದಕ್ಕೆ. ಎರಡನೆಯದನ್ನು ‘ಇದು ಭದ್ರವಾಗಿದೆ’ ಎಂದು ಪಟ್ಟಿಯ ಕೆಳಗೆ ಬರೆದಿದ್ದೆವು.

ಲ್ಯಾಬಿನ ಗೆಳೆಯನೊಬ್ಬ, ಬೇರೆ ಕಡೆಯಿಂದ ಅಜ್ಜಿಯದೇ ದನಿಯ ‘ಉಲ್ಲು’ ತಂದು ಅಲ್ಲಿ ಕೂರಿಸಿಬಿಡು, ಕೇಳುವವರಿಗೆ ಗೊತ್ತೇ ಆಗುವುದಿಲ್ಲ ಎಂದ. ಗೊತ್ತೇ ಆಗುವುದಿಲ್ಲ ಎಂಬುದೇ ನನ್ನ ತಕರಾರು. ಮೌನವನ್ನು ಹಾಗೇ ಬಿಟ್ಟು, ಇಂಥ ನಿಮಿಷ ಇಂಥ ಸೆಕೆಂಡಿನಲ್ಲಿ ಡಿಸ್ಕ್ ದೋಷದಿಂದ ಲೋಪ ಎಂದು ಒಂದು ಟಿಪ್ಪಣಿ ಸೇರಿಸಿದೆ. ಹಸ್ತಪ್ರತಿಯನ್ನು ಸಂಪಾದಿಸುವವರು ಹುಳು ತಿಂದ ಜಾಗಕ್ಕೆ ಚುಕ್ಕಿ ಇಟ್ಟು ಮುಂದೆ ಹೋಗುವುದಿಲ್ಲವೇ?

ಈಗ ಎರಡು ಡಿಸ್ಕು ಒಟ್ಟಿಗೆ ಹೋದರೂ ತಡೆಯುವ ರೇಡ್-ಝಡ್ ಎರಡನೆಯ ಮಟ್ಟದ ಹೊಸ ಪೂಲ್ ಬಂದಿದೆ. ಅದಕ್ಕೂ ಮೂರು ಕೊಟೇಶನ್ ಆದವು. ತಿಂಗಳಿಗೊಮ್ಮೆ ಸ್ಕ್ರಬ್ ಓಡುತ್ತದೆ. ಅದರ ಜೊತೆಗೆ ಮೇಡಂ ಇನ್ನೊಂದು ಕೆಲಸ ಹಚ್ಚಿದ್ದಾರೆ. ಪ್ರತಿ ಶನಿವಾರ ಮಧ್ಯಾಹ್ನ ನಾವು ಮೂವರು ಒಂದು ಹಳೆಯ ಧ್ವನಿಮುದ್ರಣ ಹಾಕಿ, ಬರೆದಿಟ್ಟ ಪಠ್ಯ ಮುಂದಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡುತ್ತೇವೆ. ಯಂತ್ರ 14 ಗಂಟೆಯಲ್ಲಿ ಮುಗಿಸುವುದಕ್ಕೆ ನಮಗೆ ವರ್ಷಗಳೇ ಬೇಕು. ಕಳೆದ ವಾರ ‘ಹೊಂಗೆ’ ಎಂದು ಬರೆದ ಕಡೆ ಅಜ್ಜ ‘ಒಂಗೆ’ ಎಂದದ್ದು ಏಳು ಸಲ ಸಿಕ್ಕಿತು. ಎಂಟನೆಯ ಸಲ ಅವರು ಸ್ಪಷ್ಟವಾಗಿ ‘ಹೊಂಗೆ’ ಎಂದರು. ಮೂವರೂ ಮೂರು ಸಲ ಹಿಂದೆ ಎಳೆದು ಕೇಳಿ, ಹಾಳೆಯ ಅಂಚಿನಲ್ಲಿ ಗುರುತು ಹಾಕಿದೆವು.